ತೊಂಬತ್ತಾರಕ್ಕೆ ನಿಂತ ಕಾಂಟಾ

"ಈ ಕಾಂಟಾ ಸುಳ್ಳು ಹೇಳಾಕತ್ತೈತಿ, ಸ್ವಲ್ಪ ನೋಡ್ರಿ."

ಧರ್ಮರಾಜ ತಲೆ ಎತ್ತಿದ. ಸೊಲ್ಲಾಪುರದ ನವಿ ಪೇಠದ ಹಿಂದಿನ ಓಣಿಯಲ್ಲಿ ತೂಕದ ಕಾಂಟಾ ರಿಪೇರಿ ಮಾಡುವ ಅಂಗಡಿ ಅವನದು. ಈ ದೂರನ್ನು ದಿನಕ್ಕೆ ಹತ್ತು ಸಲ ಕೇಳುತ್ತಾನೆ. ಆದರೆ ಯಾರೂ ಕಾಂಟಾವನ್ನು ಹೀಗೆ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸನ್ನು ತಂದ ಹಾಗೆ ಎದೆಗವಚಿಕೊಂಡು ಬಂದಿರಲಿಲ್ಲ.

ಅವಳು ಟವೆಲು ಬಿಚ್ಚಿದಳು. ಮನೆಯಲ್ಲಿ ನಿಂತು ತೂಕ ನೋಡಿಕೊಳ್ಳುವ ಗಾಜಿನ ಡಿಜಿಟಲ್ ಕಾಂಟಾ.

"ಹೋದ ವರ್ಷ ದುಕಾನಿನ ಕಾಂಟಾ ನಿಮ್ಮ ಕಡೇನ ರಿಪೇರಿ ಮಾಡಿಸಿದ್ವಿ. ಅಕ್ಕಲಕೋಟದ ಶೇಂಗಾ ಚಟ್ನಿಯವರು."

"ಹೌದ್ರಿ, ನೆನಪೈತಿ. ಶೈಲಶ್ರೀ ಅಂತ ಒಬ್ಬರು ಬಂದಿದ್ರು. ನೀವು ಅವರ ತಂಗಿ ಏನ್ರಿ?"

ಅವಳು ಓಢಣಿಯ ಅಂಚನ್ನು ಬಾಯಿಗೆ ಒತ್ತಿ ನಕ್ಕಳು. "ಆ ಶೈಲಶ್ರೀನ ನಾನ್ರಿ."

ಧರ್ಮರಾಜ ಕಣ್ಣು ಕಿರಿದು ಮಾಡಿ ನೋಡಿದ. ಕಣ್ಣುಗಳು ಅವೇ. ಹೋದ ವರ್ಷ ತುಂಬು ಮುಖದಲ್ಲಿ ಮಿಂಚುತ್ತಿದ್ದವು, ಈಗಲೂ ಅಷ್ಟೇ ಮಿಂಚುತ್ತಿದ್ದವು. ಆಗಲೂ ಚೆಲುವೆಯೇ. ಅದನ್ನು ಆಗ ಒಪ್ಪಿಕೊಳ್ಳುವ ಧೈರ್ಯ ಇವನಿಗೆ ಇರಲಿಲ್ಲ ಅಷ್ಟೇ.

ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ಒಂದೊಂದಾಗಿ ಕಾಂಟಾದ ಮೇಲಿಟ್ಟ. ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು, ನೂರು. ಗ್ರಾಮಿನಷ್ಟೂ ಆಚೀಚೆ ಇಲ್ಲ.

"ಏಕದಮ್ ಬರೋಬರ್ ಐತ್ರಿ."

ಅವಳ ಮುಖ ಬಾಡಿತು. "ಹಂಗಂದ್ರ ನಾನ ಕೆಟ್ಟೀನಿ ಅಂದಂಗಾತು."

ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅವಳು ಎಲ್ಲ ಹೇಳಿದಳು, ಮುಚ್ಚುಮರೆ ಇಲ್ಲದೆ. ಎಂಟು ತಿಂಗಳ ಹಿಂದೆ ಸೊಲ್ಲಾಪುರದಲ್ಲೇ ಆಪರೇಷನ್ ಆಗಿತ್ತು, ಹೊಟ್ಟೆ ಸಣ್ಣದು ಮಾಡುವಂಥದ್ದು. ನೂರಾ ಇಪ್ಪತ್ತೆಂಟು ಇದ್ದವಳು ತೊಂಬತ್ತಾರಕ್ಕೆ ಬಂದಿದ್ದಳು. ಆಮೇಲೆ ಆರು ವಾರದಿಂದ ಕಾಂಟಾ ಅಲ್ಲೇ ಠಿಕಾಣಿ ಹೂಡಿತ್ತು. ತೊಂಬತ್ತಾರು ಪಾಯಿಂಟ್ ನಾಲ್ಕು. ಕೂತರೂ ಅಷ್ಟೇ, ನಡೆದರೂ ಅಷ್ಟೇ.

"ಪ್ರಣಿತಾ ಮ್ಯಾಡಮ್ ಅಂತ ನಮ್ಮ ಡಯಟಿಶಿಯನ್ ಅದಾರ. ಇದು ಪ್ಲಾಟೋ, ತೂಕ ನಡುವ ಒಂದ ಕಡೆ ನಿಲ್ಲೂದು ಎಲ್ಲಾರಿಗೂ ಆಗತೈತಿ, ದೇಹ ದಮ್ಮು ತಗೊಳ್ಳಾಕತ್ತೈತಿ ಅಂತಾರ. ನನಗ ದಮ್ಮು ಹತ್ತೈತಿ ಅಂತ ಯಾರಿಗಿ ಹೇಳಲಿ?"

ಅವನು ಚಹಾ ತರಿಸಲೇ ಎಂದು ಕೇಳಿದ. ಅವಳು ಬೇಡವೆಂದು ಚೀಲದಿಂದ ಅಂಗೈಯಗಲದ ಡಬ್ಬಿ ತೆಗೆದಳು. ಮೊಳಕೆ ಹೆಸರು, ಒಂದು ತುಂಡು ಪನೀರ್. ಒಂದು ಚಮಚ ಬಾಯಿಗಿಟ್ಟಳು. ಅಷ್ಟರಲ್ಲಿ ಅವನು ಏನೋ ಕೇಳಿದ. ಅವಳು ತೋರುಬೆರಳು ಎತ್ತಿ ತಡೆದಳು. ಅಗಿಯುತ್ತಲೇ ಇದ್ದಳು. ಧರ್ಮರಾಜ ಬೆರಳನ್ನೇ ನೋಡುತ್ತ ಕುಳಿತ. ತುದಿಯಲ್ಲಿ ಖಾರದ ಪುಡಿಯ ಕೆಂಪು ಇನ್ನೂ ಹೋಗಿರಲಿಲ್ಲ.

"ಒಂದು ತುತ್ತಿಗಿ ಇಪ್ಪತ್ತೈದು ಸಲ ಅಗೀಬೇಕ್ರಿ," ಎಂದಳು ನುಂಗಿದ ಮೇಲೆ. "ಅದರ ನಡುವ ಮಾತು ಬಂದ್. ಏನ್ ಕೇಳಿದ್ರಿ?"

ಏನು ಕೇಳಿದ್ದೆನೆಂಬುದು ಅವನಿಗೇ ಮರೆತುಹೋಗಿತ್ತು.

ಆ ವಾರ ಅವಳ ದುಕಾನಿನ ಕಾಂಟಾಕ್ಕೆ ಸರಕಾರದ ಸೀಲು ಹಾಕಿಸುವ ನೆಪದಲ್ಲಿ ಅವನು ಅಕ್ಕಲಕೋಟಕ್ಕೆ ಹೋದ. ಅವನ ಊರು ಕುಂಭಾರಿ ಅದೇ ದಾರಿಯಲ್ಲಿದೆ, ಹೆಚ್ಚೇನೂ ಸುತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಊರು ದಾಟಿ ಅಷ್ಟು ದೂರ ಗಾಡಿ ಓಡಿಸುವಾಗ ಆ ಮಾತು ಅವನಿಗೇ ನಗು ತರಿಸಿತು.

ಶೈಲಶ್ರೀಯ ಹಿತ್ತಲ ಶೆಡ್ಡಿನಲ್ಲಿ ಶೇಂಗಾ ಹುರಿಯುವ ಬಾಣಲೆ, ಬೆಳ್ಳುಳ್ಳಿಯ ರಾಶಿ, ಚಟ್ನಿ ಕುಟ್ಟುವ ನಾಲ್ಕು ಮಂದಿ ಹೆಂಗಸರು. ನಡುವೆ ಅವಳು. ಉಪ್ಪು ಖಾರ ಸರಿಯಾಗಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುತ್ತಿದ್ದವಳು ಈಗ ಮೂಸಿಯೇ ಹೇಳುತ್ತಿದ್ದಳು. "ಇದರಾಗ ಬಳ್ಳೊಳ್ಳಿ ಕಡಿಮಿ ಆಗೈತಿ," ಎಂದಳು. ಹೆಂಗಸರು ತಿಂದು ನೋಡಿದರೆ ಹೌದು, ಕಡಿಮೆಯಾಗಿತ್ತು.

ದಿನವೆಲ್ಲ ಹುರಿದ ಶೇಂಗಾದ ಘಮದಲ್ಲಿ ನಿಂತು, ಒಂದು ಕಾಳು ಬಾಯಿಗೆ ಹಾಕಿಕೊಳ್ಳದೆ, ಊರ ಮಂದಿಯ ರೊಟ್ಟಿಗೆ ರುಚಿ ಕೂಡಿಸುವ ಹುಡುಗಿ! ಧರ್ಮರಾಜ ಎಂಥೆಂಥ ಗಟ್ಟಿಗರನ್ನು ನೋಡಿದ್ದ. ಇಂಥ ಗಟ್ಟಿಗಿತ್ತಿಯನ್ನು ನೋಡಿರಲಿಲ್ಲ.

"ಆಸೆ ಆಗೂದಿಲ್ಲೇನ್ರಿ?" ಎಂದು ಕೇಳಿದ.

"ಯಾಕಾಗೂದಿಲ್ಲ? ಮದಲ ನಾಕೈದು ತಿಂಗಳು ಏನೂ ಇರಲಿಲ್ಲ. ಈಗ ತಿರುಗಿ ಬಂದೈತಿ. ಸಂಜಿ ಐದಕ್ಕ ಬರೋಬರ್ ಹಾಜರ್. ಹೊಟ್ಟಿ ಬ್ಯಾಡ ಅಂತೈತಿ, ಬಾಯಿ ಶೇಂಗಾ ಹೋಳಿಗಿ ಬೇಕಂತೈತಿ. ಹತ್ತು ನಿಮಿಷ ತಡಕೊಂಡ್ರ ಹೋಗತೈತಂತ, ಮ್ಯಾಡಮ್ ಹೇಳ್ಯಾರ. ಆ ಹತ್ತು ನಿಮಿಷ ಭಾಳ ಉದ್ದ ಇರತಾವ್ರಿ."

"ಆ ಹತ್ತು ನಿಮಿಷ ನನಗ ಫೋನ್ ಮಾಡ್ರಿ," ಎಂದುಬಿಟ್ಟ ಧರ್ಮರಾಜ. ಆಡಿದ ಮೇಲೆ ಕಿವಿ ಬಿಸಿಯಾಯಿತು. "ಅಂದ್ರ... ಐದಕ್ಕ ಅಂಗಡ್ಯಾಗ ಗಿರಾಕಿ ಇರೂದಿಲ್ಲ."

ಶುದ್ಧ ಸುಳ್ಳು. ಐದಕ್ಕೆ ಅವನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಮರುದಿನ ಐದಕ್ಕೆ ಫೋನು ಬಂತು. ಅದರ ಮರುದಿನವೂ ಬಂತು. ಅವಳು ಹೇಳುತ್ತಿದ್ದಳು, ಇವನು ಕೇಳುತ್ತಿದ್ದ. ಕಾಯಿಪಲ್ಲೆಯವರು ತಕ್ಕಡಿ ಹೇಗೆ ಹಿಡಿಯುತ್ತಾರೆ, ಬಂಗಾರದಂಗಡಿಯ ಕಾಂಟಾ ಉಸಿರು ತಾಗಿದರೂ ಹೇಗೆ ಅಲುಗುತ್ತದೆ ಎಂದೆಲ್ಲ ಇವನೂ ಹೇಳಿದ. ಹತ್ತು ನಿಮಿಷ ಇಪ್ಪತ್ತಾಯಿತು, ಅರ್ಧ ತಾಸಾಯಿತು. "ಆಸೆ ಹೋತೇನ್ರಿ?" ಎಂದು ಕೇಳಿದರೆ, "ಹೋಳಿಗಿದು ಹೋತು," ಎಂದು ಅವಳು ನಕ್ಕು ಫೋನಿಡುತ್ತಿದ್ದಳು. ಆ ನಗುವನ್ನು ಅವನು ರಾತ್ರಿ ಊಟದ ತನಕ ಕಾಪಾಡಿಕೊಳ್ಳುತ್ತಿದ್ದ.

ತೂಕ ಮಾತ್ರ ಇಳಿಯಲಿಲ್ಲ. ಒಂದು ಸೋಮವಾರ ಅವಳು ಮತ್ತೆ ಟವೆಲಿನಲ್ಲಿ ಕಾಂಟಾ ಸುತ್ತಿಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು.

"ಕೊನೀ ಸಲ ನೋಡ್ರಿ. ಎಂಟು ವಾರ ಆತು. ಈ ವಾರಾನೂ ಇಳೀಲಿಲ್ಲ ಅಂದ್ರ, ಹೊಟ್ಟಿ ಕೊಯ್ಸಿಕೊಂಡದ್ದ ತಪ್ಪಾತು ಅಂತ ತಿಳಕೊತೀನಿ. ಪ್ಯಾಟ್ಯಾಗ ಸ್ವಲ್ಪ ಕೆಲಸ ಐತಿ, ಮುಗಿಸಿಕೊಂಡು ಬರ್ತೀನಿ."

ಅವಳು ಹೋದ ಮೇಲೆ ಧರ್ಮರಾಜ ಕಾಂಟಾ ಬಿಚ್ಚಿ ತೂಕ ಹೊಂದಿಸುವ ಒಳಗಿನ ಗುಂಡಿ ಒತ್ತಿದ. ನೂರು ಕಿಲೋ ಇಡು ಎಂದು ಕಾಂಟಾ ಕೇಳಿತು. ಐದು ಕಲ್ಲು ಇಟ್ಟ. ಕೈ ತಡೆಯಿತು. ಅವಳ ಕೆಂಪು ಕಣ್ಣು ನೆನಪಾದವು. ಹದಿನಾರು ವರ್ಷದ ಕಸಬಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಮೇಲೆ ಇನ್ನೂ ಒಂದೂವರೆ ಕಿಲೋ ಇಟ್ಟು, ಇದೇ ನೂರು ಎಂದು ಕಾಂಟಾಕ್ಕೆ ಕಲಿಸಿದ.

ಇನ್ನು ಮುಂದೆ ತೊಂಬತ್ತಾರು ಪಾಯಿಂಟ್ ನಾಲ್ಕರ ಶೈಲಶ್ರೀ ಅದರ ಮೇಲೆ ನಿಂತರೆ ತೊಂಬತ್ತೈದು ಅನ್ನುತ್ತದೆ. ಸರಕಾರದ ಸೀಲಿಲ್ಲದ ಮನೆ ಕಾಂಟಾ, ಯಾರಿಗೇನು ನಷ್ಟ? ಒಂದು ವಾರ ನಗಲಿ ಪಾಪ. ಹಾಗೆಂದುಕೊಂಡು ಸ್ಕ್ರೂ ಬಿಗಿದ.

ಮರುದಿನ ಐದಕ್ಕಲ್ಲ, ಬೆಳಿಗ್ಗೆ ಆರಕ್ಕೇ ಫೋನು. "ತೊಂಬತ್ತೈದು! ಕೇಳ್ರಿ ಇಲ್ಲಿ, ತೊಂಬತ್ತೈದು! ನನ್ನ ಯುಕ್ತಿ ಹತ್ತಿತು ನೋಡ್ರಿ!"

ಯಾವ ಯುಕ್ತಿ ಎಂದು ಕೇಳುವಷ್ಟು ಬುದ್ಧಿ ಅವನಿಗೆ ಓಡಲಿಲ್ಲ. ಅವಳ ಸಂತೋಷ ಕೇಳುತ್ತ ಕರಗಿಹೋಗಿದ್ದ.

ಮೂರು ವಾರ ಕಳೆದವು. ಒಂದು ಸಂಜೆ ಐದಕ್ಕೆ ಬಂದ ಫೋನಿನಲ್ಲಿ ಅವಳ ದನಿ ಸಣ್ಣಗಿತ್ತು.

"ನಿನ್ನೆ ಬಾಣಲಿ ಮುಂದ ಚಕ್ಕರ್ ಬಂದು ಬಿದ್ನಿ. ಗಾಬರಿ ಆಗಬ್ಯಾಡ್ರಿ, ಸುಟ್ಟಿಲ್ಲ. ಇವತ್ತು ದವಾಖಾನಿಗಿ ಹೋಗಿ ಬಂದ್ವಿ. ಪ್ರೋಟೀನ್ ಭಾಳ ಕಡಿಮಿ ಆಗೈತಂತ. ಸಂಜಿ ಡಬ್ಬಿ ಬಿಟ್ಟಿದ್ನಲ್ಲ, ಅದಕ್ಕ."

"ಡಬ್ಬಿ ಯಾಕ ಬಿಟ್ಟಿದ್ರಿ?"

"ಬಿಟ್ಟ ಮರುದಿನಾನ ಒಂದೂವರಿ ಕಿಲೋ ಇಳೀತಲ್ರಿ? ಹಂಗಾರ ಇದ ದಾರಿ ಅಂತ ಮಧ್ಯಾಹ್ನದ್ದೂ ಅರ್ಧಾ ಮಾಡಿದ್ನಿ." ಅವಳು ಸ್ವಲ್ಪ ತಡೆದಳು. "ಅಲ್ಲಿ ಕಾಂಟಾದ ಮ್ಯಾಲ ನಿಲ್ಲಿಸಿದ್ರು. ತೊಂಬತ್ತಾರು ಪಾಯಿಂಟ್ ಎರಡು ಅಂತ! ನಾ ಡಾಕ್ಟರ್ ಮುಂದ ಜಗಳಾ ತಗದ್ನಿ. ನಿಮ್ಮ ಕಾಂಟಾ ಕೆಟ್ಟೈತ್ರಿ, ನಂದು ನವಿ ಪೇಠದ ಧರ್ಮರಾಜ ನೋಡಿ ಕೊಟ್ಟಾರ, ಅವರು ನೋಡಿದ್ದು ಎಂದೂ ತಪ್ಪೂದಿಲ್ಲ ಅಂದ್ನಿ."

ಧರ್ಮರಾಜ ಗಿರಾಕಿಗಳನ್ನು ಬಿಟ್ಟು ಒಳಗಿನ ಗೋಡೆಗೆ ಒರಗಿದ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು.

ಮರುದಿನ ಬೆಳಿಗ್ಗೆ ಒಂದು ಟಮ್‌ಟಮ್ ರಿಕ್ಷಾ ಗೊತ್ತು ಮಾಡಿ, ತೂಕದ ಕಲ್ಲಿನ ಪೆಟ್ಟಿಗೆಗಳನ್ನೆಲ್ಲ ಹೇರಿಸಿಕೊಂಡು ಅಕ್ಕಲಕೋಟಕ್ಕೆ ಹೋದ. ಶೈಲಶ್ರೀಯ ತಾಯಿ ಶಾರದಾಬಾಯಿ, "ಬರ್ರಿ ಧರ್ಮರಾಜ, ಹೋಳಿಗಿ ಮಾಡೀನಿ," ಎಂದು ಮುಂದೆ ತಾಟು ಇಟ್ಟಳು. ಅವನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಶೈಲಶ್ರೀಯ ಎದುರಿಗೆ ಅವಳ ಕಾಂಟಾ ಇಟ್ಟು ಅದರ ಮೇಲೆ ಐದು ಕಲ್ಲು ಪೇರಿಸಿದ. ನೂರು ಕಿಲೋ ಕಬ್ಬಿಣಕ್ಕೆ ಕಾಂಟಾ ತೊಂಬತ್ತೆಂಟೂವರೆ ಅಂದಿತು.

"ಇದು ತಾನಾಗಿ ಕೆಟ್ಟದ್ದಲ್ರಿ. ನಾ ಕೆಡಿಸಿದ್ದು. ನಿಮ್ಮ ಕಣ್ಣಾಗ ನೀರು ನೋಡಲಾರದ ಮಾಡಿದ್ನಿ. ನೀವು ಡಬ್ಬಿ ಬಿಟ್ಟಿದ್ದು ನನಗ ಗೊತ್ತಿರಲಿಲ್ಲ, ಆದ್ರ ಗೊತ್ತಿಲ್ಲ ಅಂದ್ರ ಮಾಡಿದ್ದು ಸುಳ್ಳಾಗೂದಿಲ್ಲ."

ಶೈಲಶ್ರೀ ಬಗ್ಗಿ ಆ ಅಂಕಿಯನ್ನು ಓದಿದಳು.

"ನಾ ಬಿದ್ದದ್ದಕ್ಕ ಸಿಟ್ಟಿಲ್ರಿ," ಎಂದಳು. "ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ನನಗ ಸುಳ್ಳ ಹೇಳ್ಕೋತ ಬಂದಾರ. ದಪ್ಪ ಎಲ್ಲಿ ಅದಿಯವಾ, ಮೈ ತುಂಬಿಕೊಂಡಿ ಅಷ್ಟ, ಅಂತ. ಬೆನ್ನ ಹಿಂದ ನಗತಿದ್ರು. ಖರೇ ಹೇಳೂವು ಎರಡ ಇದ್ದವು. ಒಂದು ಈ ಕಾಂಟಾ, ಇನ್ನೊಂದು ನೀವು. ಒಮ್ಮೇಕ ಎರಡೂ ಕಳಕೊಂಡ್ನಿ."

ಅವನು ತಲೆ ತಗ್ಗಿಸಿ ಕಾಂಟಾ ಸರಿಮಾಡಿದ. ಅವಳು ತನ್ನನ್ನು ಹೀಗೆ ನಂಬಿದ್ದಳು, ತಾನು ಆ ನಂಬಿಕೆಯ ಮೇಲೇ ಕಲ್ಲು ಹಾಕಿದ್ದ. ಟಮ್‌ಟಮ್ ಕುಂಭಾರಿ ದಾಟಿದ ಮೇಲೆ ಲೆಕ್ಕಕ್ಕೆ ಬಂತು, ಎರಡು ಕಿಲೋದ ಎರಡು ಕಲ್ಲು ಅವಳ ಪಡಸಾಲೆಯಲ್ಲೇ ಉಳಿದಿದ್ದವು. ಮರಳಿ ಹೋಗಲು ಮುಖವಿರಲಿಲ್ಲ.

ಆಮೇಲೆ ಐದಕ್ಕೆ ಫೋನು ಬರಲಿಲ್ಲ. ಗಡಿಯಾರ ಐದು ಹೊಡೆದರೆ ಧರ್ಮರಾಜನ ಕೈ ಕೆಲಸ ಬಿಡುತ್ತಿತ್ತು. ಅವಳ ಆ ಹತ್ತು ನಿಮಿಷ ಎಷ್ಟು ಉದ್ದ ಇರುತ್ತಿತ್ತು ಎಂಬುದು ಅವನಿಗೆ ಈಗ ಗೊತ್ತಾಯಿತು. ಅವನ ಆಸೆ ಹತ್ತು ನಿಮಿಷಕ್ಕೆ ಹೋಗುವಂಥದ್ದಾಗಿರಲಿಲ್ಲ. ಅವಳು ಡಬ್ಬಿ ತಿಂದಳೋ ಇಲ್ಲವೋ, ಇಂದಿನ ಸಂಜೆ ಯಾರ ಜೊತೆ ಮಾತಾಡಿ ದಾಟಿಸಿದಳೋ ಎಂದು ಕೊರಗುತ್ತ ಐದು ವಾರ ಕಳೆದ.

ಆರನೆಯ ಸೋಮವಾರ, ಅಂಗಡಿಯ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ, ಅವಳು ಬಂದಳು. ಮುಖದಲ್ಲಿ ಕಳೆ ತುಂಬಿತ್ತು, ನಡಿಗೆಯಲ್ಲಿ ಬಿಗಿ ಇತ್ತು. ಎರಡು ಕಿಲೋದ ಕಲ್ಲುಗಳನ್ನು ಒಂದೊಂದು ಕೈಯಲ್ಲಿ ನಿಂಬೆಹಣ್ಣಿನಷ್ಟು ಹಗುರಾಗಿ ಹಿಡಿದಿದ್ದಳು. ಟಕ್ ಟಕ್ ಎಂದು ಮೇಜಿನ ಮೇಲಿಟ್ಟಳು.

"ಮ್ಯಾಡಮ್ ವಜನ ಎತ್ತಿ ವ್ಯಾಯಾಮ ಮಾಡು ಅಂದ್ರು. ಮನ್ಯಾಗ ಇವ ಇದ್ದವು. ದಿನಾ ಮುಂಜಾನಿ ಎತ್ತೀನಿ."

ಅಂಗಡಿಯ ಮೂಲೆಯಲ್ಲಿ ಜೋಳದ ಚೀಲ ತೂಗುವ ದೊಡ್ಡ ಕಾಂಟಾ ಇತ್ತು. ಚಪ್ಪಲಿ ಬಿಟ್ಟು, ಎಲ್ಲರ ಎದುರಿಗೆ, ಅದರ ಮೇಲೆ ಹತ್ತಿ ನಿಂತಳು. ಗಿರಾಕಿಗಳು ಮಾತು ನಿಲ್ಲಿಸಿದರು.

"ಓದ್ರಿ. ಜೋರಾಗಿ."

ಧರ್ಮರಾಜ ಅಂಕಿ ನೋಡಿದ. ಒಂದು ಗಳಿಗೆ ಅವಳ ಕಣ್ಣನ್ನೂ ನೋಡಿದ. ಆಮೇಲೆ ಕತ್ತು ನೆಟ್ಟಗೆ ಮಾಡಿ ಓದಿದ.

"ತೊಂಬತ್ತಾರು ಪಾಯಿಂಟ್ ಆರು. ಆವಾಗಿಗಿಂತ ಎರಡನೂರು ಗ್ರಾಮ್ ಹೆಚ್ಚಿಗಿ ಆಗೀರಿ."

ಅವಳ ಮುಖದಲ್ಲಿ ನಗು ಮೆಲ್ಲಗೆ ಹರಡಿತು. "ಮನ್ಯಾಗ ನೋಡಿಕೊಂಡ ಬಂದೀನಿ. ಅಷ್ಟ ಐತಿ. ನೀವು ಏನ್ ಹೇಳ್ತೀರಿ ನೋಡಬೇಕಿತ್ತು." ಕೆಳಗಿಳಿದು, ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು, "ನಡು ಎರಡು ಇಂಚು ಇಳದೈತಿ. ಟೇಪ್ ಹಿಡದು ನೋಡ್ಯಾರ ಮ್ಯಾಡಮ್. ಕಾಂಟಾಕ್ಕ ಎಲ್ಲಾ ಗೊತ್ತಾಗೂದಿಲ್ರಿ."

ಎಂಥ ಹುಡುಗಿ ಇವಳು ಎಂದುಕೊಂಡ ಧರ್ಮರಾಜ. ನೂರಾ ಇಪ್ಪತ್ತೆಂಟರಲ್ಲೂ ಮೆಚ್ಚಿದ್ದೆ, ತೊಂಬತ್ತಾರರಲ್ಲೂ ಮೆಚ್ಚಿದ್ದೇನೆ, ನಾಳೆ ಎಷ್ಟಾದರೂ ಆಗಲಿ.

ಗಿರಾಕಿಗಳು ಒಬ್ಬೊಬ್ಬರಾಗಿ ಖಾಲಿಯಾದರು. ಅವಳು ಚೀಲದಿಂದ ಡಬ್ಬಿ ತೆಗೆದಳು. ಒಳಗೆ ಶಾರದಾಬಾಯಿ ಕಟ್ಟಿದ ಒಂದು ಶೇಂಗಾ ಹೋಳಿಗೆ.

"ತಿಂಗಳಿಗೊಮ್ಮಿ ಬೆರಳಗಲ ತಿನ್ನಾಕ ಮ್ಯಾಡಮ್ ಪರವಾನಗಿ ಕೊಟ್ಟಾರ. ಉಳದದ್ದು ತಿನ್ನಾಕ ಒಬ್ಬರು ಬೇಕು."

ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ಧರ್ಮರಾಜನಿಗೆ ತಡೆಯಲಾಗಲಿಲ್ಲ.

"ಹಂಗಾರ ಜನ್ಮ ಪೂರ್ತಿ ಉಳದದ್ದು ನಾನ ತಿಂತೀನ್ರಿ. ನಿಮ್ಮ ತಾಟಿಗಿ ಯಾರೂ ಎರಡನೇ ಸಲ ಬಡಸದಂಗ ಕಾಯ್ತೀನಿ. ಖರೇನ ಹೇಳ್ತೀನಿ, ಖರೇ ಬಿಟ್ಟು ಬ್ಯಾರೇದು ಎಂದೂ ಹೇಳೂದಿಲ್ಲ. ನನ್ನ ಮದುವಿ ಆಗ್ತೀರೇನ್ರಿ?"

ಅವಳು ತೋರುಬೆರಳು ಎತ್ತಿದಳು. ಅಗಿಯುತ್ತಲೇ ಇದ್ದಳು. ಕಣ್ಣು ಮಾತ್ರ ನಗುತ್ತಿದ್ದವು. ಧರ್ಮರಾಜ ಉಸಿರು ಬಿಗಿಹಿಡಿದು ಎಣಿಸಿದ. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತೈದಾಯಿತು. ಅವಳು ನಿಲ್ಲಿಸಲಿಲ್ಲ. ಮೂವತ್ತಾಯಿತು. ಬೇಕೆಂದೇ ಸತಾಯಿಸುತ್ತಿದ್ದಾಳೆಂದು ಗೊತ್ತಾಗಿ ಅವನಿಗೂ ನಗು ಬಂತು.

ಮೂವತ್ತೆರಡಕ್ಕೆ ನುಂಗಿದಳು. ಎತ್ತಿದ್ದ ಬೆರಳನ್ನು ಇಳಿಸಿ, ಉಳಿದ ಹೋಳಿಗೆಯನ್ನು ಅವನ ಬಾಯಿಗಿಟ್ಟಳು.

"ಹೂಂ," ಎಂದಳು. "ಈಗ ನೀವು ಅಗೀರಿ, ನಾ ಎಣಸ್ತೀನಿ."