ಮುಟ್ಟಬಾರದ ಕೆಂಪು ದೋಣಿ

ಬಹಳ ಹಿಂದೆ, ಕೊಕ್ಕರೆಗಳಿಗೂ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ತೆರೆಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ದೊಡ್ಡ ಕೆರೆಯ ದಡದಲ್ಲಿ ಆಟದ ದೋಣಿ ಮಾಡುವವರ ಕೂಟವಿತ್ತು. ಮೊಳದುದ್ದದ ದೋಣಿ, ರೇಷ್ಮೆಯ ಹಾಯಿ, ಏನು ಚೆಂದ ಅಂತೀರಿ! ಆದರೆ ಊರವರು ಹತ್ತಿರ ಬಂದರೆ ಸಾಕು, ಕೂಟದ ಯಜಮಾನ ಮಾರಯ್ಯ "ಮುಟ್ಟಬೇಡಿ, ಬಣ್ಣ ಹೋಗುತ್ತೆ!" ಎಂದು ಗದರುವನು. ಅವನ ಹೆಂಡತಿ ಬೊಮ್ಮಕ್ಕನಂತೂ ಬೇಲಿಯ ಬಾಗಿಲಲ್ಲೇ ಕೋಲು ಹಿಡಿದು ನಿಲ್ಲುವಳು.

ಒಂದು ದಿನ ಕೆರೆಯೊಳಗಿಂದ ಜೊಂಡುಗಡ್ಡದ ಮಾಂತ್ರಿಕನೊಬ್ಬ ಎದ್ದು ಬಂದ. "ಇನ್ನು ಮೇಲೆ ಈ ಕೆರೆ ನಂದು," ಎಂದ. ಮಾರಯ್ಯ "ಹೋಗೋ ಹೋಗೋ" ಎಂದದ್ದೇ ತಡ, ಮಾಂತ್ರಿಕ ಉಫ್ ಎಂದು ಊದಿದ. ಮಾರಯ್ಯ ಕೊಕ್ಕರೆಯಾದ.

ಬೊಮ್ಮಕ್ಕ ಓಡಿ ಹೋಗಿ ಮಾಂತ್ರಿಕನ ಕಾಲಿಗೆ ಬಿದ್ದಳು.

"ನಿಮ್ಮ ದೋಣಿ ಈ ಕೆರೆಯ ನಡುಗಡ್ಡೆ ಮುಟ್ಟಿದರೆ ನಾನು ಸೋತೆ, ಗಂಡ ನಿನ್ನವನು," ಎಂದ ಅವನು. "ಮೂರು ಸಲ ಬಿಡಿ. ಮನುಷ್ಯರು ನೀರಿಗಿಳಿಯುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಮುಟ್ಟದಿದ್ದರೆ ಕೊಕ್ಕರೆ ಕೊಕ್ಕರೆಯೇ."

ಕೂಟದವರು ಮೊದಲ ದೋಣಿ ಬಿಟ್ಟರು. ಮಾಂತ್ರಿಕನ ಮೊಸಳೆ ಬಂತು, ಗುಳುಂ ಎಂದು ನುಂಗಿತು. ಎರಡನೆಯದು ಬಿಟ್ಟರು. ಅಲೆ ಎದ್ದಿತು, ಮಗುಚಿ ಹಾಕಿತು. ಉಳಿದದ್ದು ಮಾರಯ್ಯ ಅಂದೇ ಬಣ್ಣ ಬಳಿದಿದ್ದ ಕೆಂಪು ದೋಣಿ ಒಂದೇ, ಬಣ್ಣ ಇನ್ನೂ ಒಣಗಿರಲಿಲ್ಲ. ಅಷ್ಟರಲ್ಲಿ ಗಾಳಿಯೂ ನಿಂತುಹೋಯಿತು. ಕೊಕ್ಕರೆ ಬೊಮ್ಮಕ್ಕನ ಮುಖವನ್ನೇ ನೋಡುತ್ತಿತ್ತು, ನೋಡುತ್ತಾ ನೋಡುತ್ತಾ ಒಂದು ಮೀನು ನುಂಗಿಬಿಟ್ಟಿತು. ಅಯ್ಯೋ, ಮೀನಿನ ವಾಸನೆಗೇ ಮೂಗು ಮುಚ್ಚುತ್ತಿದ್ದ ಗಂಡ!

ಕೊನೆಗೆ ಬೊಮ್ಮಕ್ಕ ಕೆಂಪು ದೋಣಿ ಎತ್ತಿಕೊಂಡು ಊರೊಳಗೆ ಓಡಿದಳು. ಯಾವ ಮುಖ ಹೊತ್ತು ಕೇಳಲಿ ಎಂಬ ಅಳುಕು ಬೇರೆ. ಮೊದಲು ಎದುರಾದವಳೇ ಎಮ್ಮೆ ಕಾಯುವ ಸಂಕಜ್ಜಿ. ನಿನ್ನೆಯಷ್ಟೇ ಬೊಮ್ಮಕ್ಕ ಅವಳನ್ನು ಕೋಲು ತೋರಿಸಿ ಓಡಿಸಿದ್ದಳು.

"ಅಜ್ಜಿ, ತಪ್ಪಾಯ್ತು. ಇದನ್ನ ನೀವೇ ಬಿಡಿ, ನಮ್ಮ ಕೈಲಿ ಆಗ್ತಿಲ್ಲ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. "ಮುಟ್ಲಾ? ಬಣ್ಣ ಹೋದೀತು ಕಣವ್ವ."

"ಹೋದರೆ ಹೋಗಲಿ, ನನ್ನ ಗಂಡ ಬರಲಿ!"

ಅಜ್ಜಿ ಕೂಗಿದಳು ನೋಡಿ, ಬೀದಿಗೆ ಬೀದಿಯೇ ಎದ್ದು ಬಂತು. ದೋಣಿ ಕೈಯಿಂದ ಕೈಗೆ ದಾಟಿ ದಡ ಸೇರಿತು. ಅಜ್ಜಿ ಅದನ್ನು ನೀರಿಗೆ ಬಿಟ್ಟಳು.

ಮೊಸಳೆ ಬಂತು. ಊರವರು ತಟ್ಟೆ, ತಪ್ಪಲೆ ಬಡಿದ ಗದ್ದಲಕ್ಕೆ ಬೆದರಿ ಮುಳುಗಿತು. ಅಲೆ ಎದ್ದಿತು. ಅಜ್ಜಿ ಎಮ್ಮೆಗಳನ್ನು ನೀರಿಗೆ ಹೊಡೆದಳು, ಅವೇನು ಮನುಷ್ಯರೇ? ಅಲೆ ಅವುಗಳ ಬೆನ್ನಿಗೆ ಬಡಿದು ಅಡಗಿತು. ಗಾಳಿಯಿಲ್ಲದೆ ದೋಣಿ ನಿಂತಿತು. ಹೆಂಗಸರು ಮೊರ ಬೀಸಿದರು, ಗಂಡಸರು ಹೆಗಲ ಮೇಲಿನ ವಲ್ಲಿ ಬೀಸಿದರು. ಸೂರ್ಯ ನೀರಿಗೆ ತಾಗಿದ. ಬೊಮ್ಮಕ್ಕ ಕಣ್ಣು ಮುಚ್ಚಿ, ರಟ್ಟೆ ಬಿದ್ದುಹೋಗುವಂತೆ ಬೀಸಿದಳು. ಹಾಯಿ ಉಬ್ಬಿತು.

ಟಕ್! ದೋಣಿ ನಡುಗಡ್ಡೆ ಮುಟ್ಟಿತು. ಮಾಂತ್ರಿಕ ಕರಗಿ ಕೆಸರಾದ. ಮಾರಯ್ಯ ಮನುಷ್ಯನಾಗಿ ದಡದ ಮೇಲೆ ನಿಂತಿದ್ದ. ನೋಡಿದರೆ, ಸುತ್ತ ನಿಂತವರ ಅಂಗೈಯೆಲ್ಲ ಕೆಂಪು.

"ಯಾರು ಮುಟ್ಟಿದ್ದು ನನ್ನ ದೋಣೀನ?"

"ಊರೆಲ್ಲ!" ಎಂದಳು ಬೊಮ್ಮಕ್ಕ. ಎಂದವಳೇ ಅವನನ್ನು ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಅವತ್ತೇ ಕೋಲು ಒಲೆ ಸೇರಿತು. ಬೇಲಿಗೆ ಬಾಗಿಲಿಲ್ಲದಾಯಿತು. ಊರವರೆಲ್ಲ ದೋಣಿ ಮಾಡುತ್ತಾ, ದೋಣಿ ಬಿಡುತ್ತಾ ಸುಖವಾಗಿದ್ದರು. ಮಾರಯ್ಯ ಮಾತ್ರ ಹೊಸ ದೋಣಿಗೆ ಬಣ್ಣ ಬಳಿದಾಗಲೆಲ್ಲ, ಒಣಗುವ ಮೊದಲೇ ಅದನ್ನು ಬೀದಿಗೆ ತಂದು, ಸಂಕಜ್ಜಿಯ ಮುಂದೆ ಹಿಡಿದು, "ಮುಟ್ಟಿ ಅಜ್ಜಿ," ಎನ್ನುತ್ತಿದ್ದ.