ಅಕ್ಕನ ಸ್ನಾನದ ಹಾಡು

ಟಕ್!

“ಕೇಳಿಸ್ತೇನೇ ಗಿಳಿ? ಚಿಲಕ ಹಾಕ್ಕೊಂಡೆ! ನಾನೇ!” ಬಚ್ಚಲಿನೊಳಗಿಂದ ಅಕ್ಕ ಕೂಗಿದಳು.

ಯಾರ ಮಾತನ್ನಾದರೂ ಥೇಟ್ ಹಾಗೇ ಆಡಿ ತೋರಿಸುವ ತಂಗಿಗೆ ಮನೆಯವರಿಟ್ಟ ಹೆಸರು ಗಿಳಿ.

ಅಕ್ಕನಿಗೆ ಫಿಟ್ಸ್ ಬರುತ್ತಿತ್ತು. ಅದಕ್ಕೇ ಅಪ್ಪ ಬಚ್ಚಲಿನ ಚಿಲಕ ಬಿಚ್ಚಿಟ್ಟಿದ್ದರು. ಸ್ನಾನ ಮುಗಿಯುವವರೆಗೂ ಅಕ್ಕ ಹಾಡುತ್ತಿರಬೇಕು. ಹಾಡು ನಿಂತರೆ ಅಮ್ಮ ಒಳಗೆ ನುಗ್ಗುತ್ತಿದ್ದಳು. ಅಕ್ಕನದೋ ಒಡಕು ಬಕೆಟ್ಟಿನ ದನಿ. ಹೊರಗೆ ನಿಂತು ಅದನ್ನು ಅಣಕಿಸುವುದೇ ಗಿಳಿಯ ಕೆಲಸ.

ಫಿಟ್ಸ್ ನಿಲ್ಲಲೆಂದು ಹೋದ ವಾರ ತಲೆಯ ಆಪರೇಷನ್ ಆಯಿತು. ಕಿವಿಯ ಮೇಲೆ ಹೊಲಿಗೆ, ಅರ್ಧ ತಲೆ ಬೋಳು. “ಈ ಕಡೆಯಿಂದ ಅಕ್ಕ, ಆ ಕಡೆಯಿಂದ ಅಣ್ಣ!” ಎಂದು ಗಿಳಿ ರೇಗಿಸಿದ್ದಳು. ಡಾಕ್ಟರು ಅವಸರ ಬೇಡ ಅಂದಿದ್ದರೂ, ಮನೆಗೆ ಬಂದ ದಿನವೇ ಅಪ್ಪ ಬಾಗಿಲಿಗೆ ಚಿಲಕ ಮತ್ತೆ ಕೂರಿಸಿಬಿಟ್ಟರು.

ಮರುದಿನ ಗಿಳಿ ಆಸ್ಪತ್ರೆಯ ನರ್ಸಮ್ಮ ಆದಳು. “ಏನಮ್ಮಾ, ಮಾತ್ರೆ ನುಂಗಿದ್ಯೋ, ಮಾತು ನುಂಗಿದ್ಯೋ?”

ಅಕ್ಕ ನಗಲಿಲ್ಲ. ಕಣ್ಣು ಗೋಡೆಯಲ್ಲೇ ನೆಟ್ಟಿತ್ತು. ಬಾಯಿ ಏನನ್ನೋ ಅಗಿಯುತ್ತಿತ್ತು, ಬೆರಳು ಲಂಗದ ಅಂಚನ್ನು ಕೀಳುತ್ತಿತ್ತು. ಗಿಳಿ ಅವಳ ಪಕ್ಕದಲ್ಲೇ ಕೂತಳು.

“ಮತ್ತೆ ಬಂತಾ?” ಮೈತಿಳಿದ ಮೇಲೆ ಅಕ್ಕ ಕೇಳಿದಳು.

“ಹೂಂ.”

“ಅಮ್ಮಂಗೆ ಹೇಳ್ಬೇಡ ಕಣೇ. ಚಿಲಕ ತೆಗೆದುಬಿಡ್ತಾರೆ.”

ಅಕ್ಕ ಟವೆಲ್ ಎತ್ತಿಕೊಂಡು ಬಚ್ಚಲಿಗೆ ಹೋದಳು. ಟಕ್! ನೀರಿನ ಸದ್ದು. ಆಮೇಲೆ ಅದೂ ಇಲ್ಲ.

“ಅಮ್ಮಾ! ಅಕ್ಕಂಗೆ ಆಗ್ಲೇ ಬಂದಿತ್ತು! ಈಗ ಸದ್ದೇ ಇಲ್ಲ!”

ಚಿಲಕ ಸರಿಯಿತು. ಅಕ್ಕ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಏನೂ ಆಗಿರಲಿಲ್ಲ. ಗಿಳಿಯನ್ನು ನೋಡಿದಳು, ಅಷ್ಟೇ.

“ಒಳಗಿನ ಗಾಯ ಇನ್ನೂ ಹಸಿ,” ಎಂದರು ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು. “ಈಗ ಬರೋ ಫಿಟ್ಸ್ ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತೆ. ಕೆಲವರಿಗೆ ಮುಂದೂ ಬರುತ್ತೆ. ಇವಳಿಗೆ ಹೇಗೋ, ಈಗಲೇ ಹೇಳೋಕಾಗಲ್ಲ. ಮಾತ್ರೆ ತಪ್ಪಿಸ್ಬೇಡಿ. ಕಾಯೋಣ.”

ಡಾಕ್ಟರ ದನಿ ಮಾಡಿ ತೋರಿಸು ಅಂತ ಮನೆಯಲ್ಲಿ ಯಾರೂ ಗಿಳಿಯನ್ನು ಕೇಳಲಿಲ್ಲ.

ಅಪ್ಪ ಚಿಲಕದ ಒಂದೊಂದೇ ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಕ್ಕ ಗಿಳಿಯ ಜೊತೆ ಮಾತು ಬಿಟ್ಟಳು.

ಮಾರನೆಯ ದಿನ ಅಕ್ಕ ಸ್ನಾನಕ್ಕೆ ಹೋದಳು. ಬರೀ ನೀರಿನ ಸದ್ದು. ಹಾಡಿಲ್ಲ. ಅಮ್ಮನ ಕೈ ಬಾಗಿಲ ಮೇಲಿತ್ತು.

ಗಿಳಿ ಹೊಸಿಲ ಹತ್ತಿರ ಕೂತು ಅಕ್ಕನ ಹಾಡಿನ ಮೊದಲ ಸಾಲು ಹಾಡಿದಳು. ಅಣಕಿಸದೆ, ತನ್ನದೇ ದನಿಯಲ್ಲಿ.

ನೀರಿನ ಸದ್ದು ನಿಂತಿತು. ಒಡಕು ಬಕೆಟ್ಟಿನ ದನಿ ಎರಡನೇ ಸಾಲು ಎತ್ತಿಕೊಂಡಿತು. ಅದರಲ್ಲಿ ಅಳುವಿತ್ತು.

ಅಮ್ಮ ಮೆಲ್ಲಗೆ ಕೈ ತೆಗೆದಳು.

ಹೀಗೆ ಇನ್ನೆಷ್ಟು ದಿನವೋ ಗಿಳಿಗೆ ಗೊತ್ತಿರಲಿಲ್ಲ. ಮೂರನೇ ಸಾಲು ತನ್ನದು ಅಂತ ಮಾತ್ರ ಗೊತ್ತಿತ್ತು.