ಮ್ಯೂಟ್ ಕಟ್ಟಿದ ಲಿಫ್ಟ್

ಮೂರೇ. ನಾಲ್ಕು ಹಾಕಿದರೆ ನಿಂತೇ ಹೋಗುತ್ತದೆ.

ಈ ಮಾತನ್ನು ಮ್ಯೂಟ್ ತನಗೆ ತಾನೇ ಹೇಳಿಕೊಂಡಳು, ಅದೂ ಮನಸ್ಸಿನಲ್ಲೇ. ಎದುರಿಗೆ ಕ್ಲಾಸಿನ ಮೇಜಿನ ಮೇಲೆ ಅವಳ ಬಾಲ್ ಲಿಫ್ಟ್ ನಿಂತಿತ್ತು. ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟಿದ ಗೋಪುರ. ಒಳಗೆ ಮೋಟರಿನಿಂದ ಸುತ್ತುವ ಚೈನು, ಚೈನಿನ ಉದ್ದಕ್ಕೂ ಪುಟ್ಟ ಪುಟ್ಟ ಬಟ್ಟಲು. ಒಂದೊಂದು ಬಟ್ಟಲೂ ಕೆಳಗಿನ ತೊಟ್ಟಿಯಿಂದ ಒಂದೊಂದು ಬಾಲನ್ನು ಎತ್ತಿಕೊಂಡು ಹೋಗಿ, ತುದಿಯಲ್ಲಿ ಜಾರುಬಂಡೆಯ ಮೇಲೆ ಬೀಳಿಸಬೇಕು. ಬಾಲು ಸರ್ರನೆ ಜಾರಿ ಮತ್ತೆ ತೊಟ್ಟಿಗೆ.

ನೆಲದ ಮೇಲೆ ಮಂಡಿಯೂರಿ ಚಾರ್ಟಿಗೆ ಬಣ್ಣ ತುಂಬುತ್ತಿದ್ದವಳು ರೇಡಿಯೋ. ಬೆಳಗಿನ ಬೆಲ್ಲಿನಿಂದ ಸಂಜೆಯ ಬೆಲ್ಲಿನವರೆಗೆ ಬಾಯಿ ಮುಚ್ಚದ ಹುಡುಗಿ ಅವಳು. ಅದಕ್ಕೇ ಐದನೇ ಕ್ಲಾಸಿನವರೆಲ್ಲ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಪಕ್ಕದಲ್ಲಿ ಕೂರುವ ಈ ಗೆಳತಿಗೆ ಮ್ಯೂಟ್ ಎಂದು ಹೆಸರಿಟ್ಟಿದ್ದು ಅವಳೇ. ಇಬ್ಬರದೂ ಒಂದೇ ಪ್ರಾಜೆಕ್ಟ್. ಕಟ್ಟುವುದು ಮ್ಯೂಟ್, ಮಾತಾಡುವುದು ರೇಡಿಯೋ.

“ನೋಡೇ, ಹೇಗಿದೆ?”

ಚಾರ್ಟಿನ ಮೇಲೆ ಕೆಂಪು ಅಕ್ಷರಗಳು: ‘ಒಂದೇ ಸಲ ಹತ್ತು ಬಾಲ್ ಎತ್ತುವ ಲಿಫ್ಟ್!’

ಮ್ಯೂಟ್ ಅದನ್ನು ಇನ್ನೊಮ್ಮೆ ಓದಿದಳು. “ಹತ್ತಾ?”

“ಬಾಕ್ಸಲ್ಲಿ ಹತ್ತು ಬಾಲ್ ಇದೆಯಲ್ಲ, ಅದಕ್ಕೇ ಹತ್ತು. ನಾಳೆ ಸೈನ್ಸ್ ಎಕ್ಸಿಬಿಷನ್‌ಗೆ ದೊಡ್ಡ ಮೇಡಮ್ಮೇ ನೋಡೋಕೆ ಬರ್ತಾರೆ. ನಾನು ಆಗ್ಲೇ ಸಿ ಸೆಕ್ಷನ್‌ಗೆಲ್ಲ ಹೇಳಾಯ್ತು!”

“ಆದ್ರೆ ಅದು...”

“ಆದ್ರೆ ಗೀದ್ರೆ ಇಲ್ಲ. ಸೂಪರ್ ಅನ್ನು ಸಾಕು.”

“ಸೂಪರ್,” ಎಂದಳು ಮ್ಯೂಟ್.

ರೇಡಿಯೋ ನೋಡಿದ್ದು ಲಿಫ್ಟ್ ಖಾಲಿ ಓಡಿದ್ದನ್ನು ಮಾತ್ರ. ಖಾಲಿ ಇದ್ದಾಗ ಅದು ಗಾಳಿಯ ಹಾಗೆ ಓಡುತ್ತಿತ್ತು.

ಸೈನ್ಸ್ ಮಿಸ್ಸನ್ನು ಕೇಳಿ, ಲಿಫ್ಟನ್ನೂ ತುಂಡುಗಳ ಬಾಕ್ಸನ್ನೂ ಮ್ಯೂಟ್ ಅವತ್ತು ಮನೆಗೆ ತಂದಳು. ಅಪ್ಪ ಆಗಷ್ಟೇ ಕೆಲಸದಿಂದ ಬಂದು ಉಗುರಿನ ಸಂದಿಯ ಗ್ರೀಸನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಅವರು ಲಿಫ್ಟ್ ಮೆಕ್ಯಾನಿಕ್. ಅವರು ಮುಟ್ಟುವುದೆಲ್ಲ ಮನುಷ್ಯರು ಹತ್ತುವ ಲಿಫ್ಟುಗಳು.

“ಏನಮ್ಮಾ, ಮುಖ ಯಾಕೆ ಸಪ್ಪಗಿದೆ? ಗಾಡಿ ಕೈ ಕೊಡ್ತಾ?”

ಮ್ಯೂಟ್ ಸ್ವಿಚ್ ಹಾಕಿದಳು. ಒಂದು, ಎರಡು, ಮೂರು ಬಾಲು ಮೇಲೇರಿದವು. ನಾಲ್ಕನೆಯದು ಹತ್ತಿತೋ ಇಲ್ಲವೋ, ಮೋಟರು ಉಂಞ್ ಎಂದು ಮುಲುಗಿ ನಿಂತಿತು.

ಅಪ್ಪ ಒದ್ದೆ ಕೈಯನ್ನು ಹಿಂದಕ್ಕೆ ಹಿಡಿದು, ಬಗ್ಗಿ ಕಿವಿ ಕೊಟ್ಟರು. “ಪಾಪ, ಏದುಸಿರು ಬಿಡ್ತಿದೆ. ಚೈನಿನ ಚಕ್ರಾನ ನೇರವಾಗಿ ಮೋಟರಿಗೇ ಸಿಕ್ಕಿಸಿದ್ಯಲ್ಲ? ಓಡ್ತಾ ಓಡ್ತಾ ಮೂಟೆ ಹೊರು ಅಂದ್ರೆ ಯಾರ ಕೈಲಾಗುತ್ತೆ?”

ಅಷ್ಟೇ. ಅಪ್ಪ ಯಾವಾಗಲೂ ಹಾಗೆ, ಅರ್ಧ ಹೇಳಿ ಅರ್ಧ ತಾವೇ ಇಟ್ಟುಕೊಳ್ಳುತ್ತಾರೆ.

ಉಳಿದರ್ಧವನ್ನು ಮ್ಯೂಟ್ ಬಾಕ್ಸಿನಲ್ಲಿ ಹುಡುಕಿದಳು. ಓಡುವುದನ್ನು ನಿಧಾನ ಮಾಡಬೇಕು. ಮೋಟರಿಗೆ ಎಂಟು ಹಲ್ಲಿನ ಪುಟ್ಟ ಗೇರ್ ಹಾಕಿದಳು. ಅದರ ಪಕ್ಕಕ್ಕೆ, ಚೈನಿನ ಚಕ್ರ ಇರುವ ಕಡ್ಡಿಗೆ, ನಲವತ್ತು ಹಲ್ಲಿನ ದೊಡ್ಡ ಗೇರ್. ಪುಟ್ಟದು ಐದು ಸುತ್ತು ಸುತ್ತಿದರೆ ದೊಡ್ಡದು ಒಂದೇ ಸುತ್ತು! ಜಾಗ ಸಾಲದೆ ಗೋಪುರದ ಬುಡವನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ಬೆರಳ ತುದಿ ಕೆಂಪಾಯಿತು.

ಸ್ವಿಚ್ ಹಾಕಿದಳು. ಚೈನು ನಿಧಾನವಾಗಿ, ಗಂಭೀರವಾಗಿ ಹೊರಟಿತು. ಆದರೆ ಕೆಳಕ್ಕೆ! ಬಟ್ಟಲುಗಳು ಬೋರಲಾಗಿ ಬಂದು ತೊಟ್ಟಿಯೊಳಗಿನ ಬಾಲುಗಳನ್ನೆಲ್ಲ ಆಚೆ ದಬ್ಬಿದವು. ಒಂದಂತೂ ಮಂಚದ ಕೆಳಗೆ ಓಡಿಯೇ ಹೋಯಿತು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ವೈರ್ ಅದಲುಬದಲು ಮಾಡಿ ಹೀಗೇ ಮಾಡಿದ್ದೆ. ಮೇಲೆ ಅಂತ ಬಟನ್ ಒತ್ತಿದವರೆಲ್ಲ ಕೆಳಗೆ ಇಳಿದ್ರು!”

ಹೌದಲ್ಲ, ಒಂದು ಗೇರು ಆ ಕಡೆ ತಿರುಗಿದರೆ ಅದಕ್ಕೆ ಕಚ್ಚಿಕೊಂಡಿದ್ದು ಈ ಕಡೆ ತಿರುಗುತ್ತದೆ. ಮ್ಯೂಟ್ ಸ್ವಿಚ್ಚನ್ನು ಇನ್ನೊಂದು ಪಕ್ಕಕ್ಕೆ ಒತ್ತಿದಳು.

ಮೂರು. ನಾಲ್ಕು. ಐದು. ಆರು. ಏಳು.

ಏಳು ಬಾಲುಗಳೂ ಒಂದರ ಹಿಂದೊಂದು, ಪ್ರೇಯರ್ ಮುಗಿಸಿ ಕ್ಲಾಸಿಗೆ ಹೋಗುವ ಮಕ್ಕಳ ಹಾಗೆ, ತಳ್ಳಾಟವಿಲ್ಲದೆ ಮೆಟ್ಟಿಲೇರಿದವು. ಮ್ಯೂಟ್ ಉಸಿರು ಬಿಗಿಹಿಡಿದು ನೋಡಿದಳು. ತುಟಿ ತಾನಾಗಿಯೇ ಅಗಲವಾಯಿತು.

ಎಂಟನೆಯದನ್ನು ಹಾಕಿದಳು. ಮೋಟರು ಸೋಲಲಿಲ್ಲ. ಆದರೆ ಟಪ್! ಚೈನಿನ ಕೊಂಡಿ ಬಿಚ್ಚಿಕೊಂಡು ಬಾಲುಗಳೆಲ್ಲ ಪಟಪಟನೆ ಉದುರಿದವು. ಮತ್ತೆ ಜೋಡಿಸಿ ನೋಡಿದಳು. ಎಂಟಕ್ಕೆ ಟಪ್. ಇನ್ನೊಂದು ಸಲ ನೋಡಿದಳು. ಎಂಟಕ್ಕೇ ಟಪ್.

“ಆ ಚೈನಿನ ಶಕ್ತಿ ಅಷ್ಟೇ ಪುಟ್ಟಾ,” ಎಂದರು ಅಪ್ಪ. “ನಮ್ಮ ಲಿಫ್ಟಿನೊಳಗೆ ‘ಆರು ಜನ’ ಅಂತ ತಗಡು ಇರುತ್ತಲ್ಲ, ಅದನ್ನ ಕೊನೇಗೆ ಸ್ಕ್ರೂ ಹಾಕಿ ಕೂರಿಸೋದು ನಾನೇ. ಎಲ್ಲ ಟೆಸ್ಟ್ ಮುಗಿದ ಮೇಲೆ. ಅದನ್ನ ಕೂರಿಸಿದ ದಿನ ನನಗೆ ಎರಡು ಲೋಟ ಟೀ.”

ಮರುದಿನ ಬೆಳಿಗ್ಗೆ ಮ್ಯೂಟ್ ಮೂರು ಸಲ “ಏಯ್, ಕೇಳಿಲ್ಲಿ” ಎಂದಳು. ಮೂರು ಸಲವೂ ರೇಡಿಯೋ “ತಾಳೇ, ಬಂದೆ” ಎಂದು ಬಾಗಿಲಿಗೆ ಓಡಿದಳು. ಜನರನ್ನು ಕೂಗಿ ಕರೆಯುವುದರಲ್ಲಿ ಅವಳಿಗೆ ಪುರುಸೊತ್ತೇ ಇರಲಿಲ್ಲ. ನೋಡನೋಡುತ್ತಲೇ ಮೇಜಿನ ಸುತ್ತ ಗುಂಪು ಕಟ್ಟಿತು. ಸಿ ಸೆಕ್ಷನ್ನಿನವರೆಲ್ಲ ಬಂದರು. ಗುಂಪು ಸರಿದು ದಾರಿ ಬಿಟ್ಟಿತು, ದೊಡ್ಡ ಮೇಡಮ್ ಒಳಬಂದರು.

ಅವರು ಕನ್ನಡಕ ಏರಿಸಿ ಚಾರ್ಟ್ ಓದಿದರು. “ಹತ್ತಾ? ಭೇಷ್! ಎಲ್ಲಿ, ಹಾಕಿ ನೋಡೋಣ.”

ರೇಡಿಯೋ ಎರಡೂ ಕೈಯಲ್ಲಿ ಹತ್ತು ಬಾಲುಗಳನ್ನು ಬಾಚಿಕೊಂಡಳು.

ಮ್ಯೂಟ್‌ಳ ಅಂಗೈ ತೊಟ್ಟಿಯ ಬಾಯಿ ಮುಚ್ಚಿತು.

“ಯಾಕಮ್ಮಾ?” ಎಂದರು ದೊಡ್ಡ ಮೇಡಮ್.

“ಅಯ್ಯೋ, ಅವಳು ಮ್ಯೂಟ್ ಮೇಡಮ್!” ಗುಂಪಿನಲ್ಲಿ ಯಾರೋ ಅಂದರು. ಕಿಸಕ್ಕನೆ ನಗು ಎದ್ದಿತು. ಎಂದಿನಂತೆ ಗೆಳತಿಯ ಪರವಾಗಿ ಉತ್ತರ ಕೊಡಲು ರೇಡಿಯೋ ಬಾಯಿ ತೆರೆದಳು. ಮ್ಯೂಟ್‌ಳ ಮುಖ ನೋಡಿ ಮೆಲ್ಲಗೆ ಮುಚ್ಚಿಕೊಂಡಳು.

ಎಲ್ಲರೂ ಕಾಯುತ್ತಿದ್ದರು. ಮ್ಯೂಟ್ ಲಿಫ್ಟಿನ ಕಡೆ ನೋಡಿದಳು. ಇದರ ಒಂದೊಂದು ಕೊಂಡಿಯೂ ಅವಳಿಗೆ ಗೊತ್ತು. ಯಾವ ಹಲ್ಲು ಯಾವುದಕ್ಕೆ ಕಚ್ಚುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಇಲ್ಲಿರುವ ಬೇರೆ ಯಾರಿಗೂ ಅದು ಗೊತ್ತಿಲ್ಲ.

ಅವಳು ತಲೆ ಎತ್ತಿದಳು.

“ಹತ್ತಲ್ಲ ಮೇಡಮ್, ಏಳು. ಮೊದಲು ಮೂರೇ ಎತ್ತುತ್ತಿತ್ತು. ನಿನ್ನೆ ನಾನು ಏಳು ಮಾಡಿದೆ.”